ಹಾಡಿನೊಳಗಿನ ಅಮಲು: ‘ಬೇಡ’ ಎನ್ನುವುದನ್ನು ನಮ್ಮ ಮಕ್ಕಳು ಎಲ್ಲಿ ಕಲಿಯಬೇಕು?

ಕೃಷ್ಣಾ ನದಿಯ ದಂಡೆಯ ಕೊಲ್ಹಾರ ಎಂದರೆ ಗಟ್ಟಿ ಮೊಸರು ನೆನಪಾಗುತ್ತದೆ. ವಿಜಯಪುರ ಜಿಲ್ಲೆಯ ಆ ಊರಿಗೂ ನಮ್ಮ ಕರಾವಳಿಗೂ ಮಾತು, ಊಟ, ಹಬ್ಬ ಎಲ್ಲವೂ ಬೇರೆ ಬೇರೆ. ಆದರೆ ಅಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಮೊಳಗುವ ಹಾಡನ್ನೇ ಇಲ್ಲಿ ನಮ್ಮ ರೋಸ್ ಕಾರ್ಯಕ್ರಮದ ಡಿಜೆಯೂ ಹಾಕುತ್ತಾನೆ. ಆ ಭಾಗದಿಂದ ಪಿಯುಸಿಗೆಂದು ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಿಗೆ ಬರುವ ಹುಡುಗರಿಗೂ ನಮ್ಮ ಮನೆಯ ಹುಡುಗರಿಗೂ ಬೇಗನೆ ಗೆಳೆತನ ಕುದುರಿಸುವುದು ಮೊಬೈಲಿನ ಈ ಹಾಡುಗಳೇ. ಇವುಗಳಲ್ಲಿ ಪೆಗ್ಗು, ಬಾಟಲಿ, ಗಾಂಜಾ ಎಂಬ ಪದಗಳು ಈಗ ಮಾಮೂಲಾಗಿವೆ. ಇದರಿಂದ ಹದಿಹರೆಯದವರಿಗೆ ಆಗುವುದೇನು?

ಪ್ರಶ್ನೆ ಹೊಸದಲ್ಲ. ‘ಅಂತ್ಯ’ ಎಂಬ ಕನ್ನಡ ಚಿತ್ರದ ಹಾಡೊಂದು ಗಾಂಜಾ ಸೇವನೆಗೆ ಪ್ರೇರಣೆ ನೀಡುವಂತಿದೆ ಎಂದು 2018ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಗಾಯಕ ಚಂದನ್ ಶೆಟ್ಟಿ ಅವರಿಗೆ ನೋಟಿಸ್ ನೀಡಿದ್ದರು. 2019ರ ಜುಲೈಯಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಮದ್ಯ, ಮಾದಕ ವಸ್ತು ಹಾಗೂ ಹಿಂಸೆಯನ್ನು ವೈಭವೀಕರಿಸುವ ಹಾಡುಗಳನ್ನು ವೇದಿಕೆಗಳಲ್ಲಿ ಹಾಡದಂತೆ ನೋಡಿಕೊಳ್ಳಬೇಕೆಂದು ಪೊಲೀಸರಿಗೆ ಆದೇಶಿಸಿತು. ಇಂಥ ಕ್ರಮಗಳು ಅಗತ್ಯವಿರಬಹುದು. ಆದರೆ ವೇದಿಕೆಯಲ್ಲಿ ನಿಂತ ಹಾಡು ಇಯರ್‌ಫೋನಿನಲ್ಲಿ ನಿಲ್ಲುವುದಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಬ್ರಯನ್ ಪ್ರೈಮ್ಯಾಕ್ ಮತ್ತು ಸಂಗಡಿಗರು 2005ರ ಅತಿ ಜನಪ್ರಿಯ 279 ಹಾಡುಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಮೂರರಲ್ಲೊಂದು ಹಾಡಿನಲ್ಲಿ ಮದ್ಯ, ತಂಬಾಕು ಅಥವಾ ಮಾದಕ ವಸ್ತುಗಳ ಸೇವನೆಯ ಚಿತ್ರಣವಿತ್ತು. ರ‍್ಯಾಪ್ ಹಾಡುಗಳಲ್ಲಿ ಇದು ಶೇಕಡಾ 77ರಷ್ಟಿತ್ತು. ಸೇವನೆಯ ವಿರುದ್ಧ ನೇರವಾಗಿ ಮಾತನಾಡಿದ ಹಾಡುಗಳು ಬರೀ ನಾಲ್ಕು. ಇನ್ನು, ಕೊಟ್ಟದ್ದನ್ನು ‘ಬೇಡ’ ಎಂದು ನಿರಾಕರಿಸುವ ಸನ್ನಿವೇಶವಂತೂ ಒಂದರಲ್ಲೂ ಇರಲಿಲ್ಲ!

ಇದೇ ತಂಡ ಒಂಬತ್ತನೇ ತರಗತಿಯ 959 ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಗಾಂಜಾ ಉಲ್ಲೇಖವಿರುವ ಹಾಡುಗಳನ್ನು ಹೆಚ್ಚು ಕೇಳುವವರಲ್ಲಿ ಅದನ್ನು ಸೇದಿದವರೂ ಹೆಚ್ಚಾಗಿದ್ದರು. ಹಾಗೆಂದು ಹಾಡೇ ಕಾರಣ ಎನ್ನಲಾಗದು. ಮೊದಲೇ ಆ ಕಡೆ ಒಲವಿದ್ದವರು ಅಂಥ ಹಾಡನ್ನು ಹುಡುಕಿ ಕೇಳಿರಲೂಬಹುದು. ಆದ್ದರಿಂದ ರ‍್ಯಾಪ್ ಕೇಳುವ ಮಗನನ್ನು ಕಂಡು ತಾಯಿ ತಂದೆ ಗಾಬರಿಯಾಗಬೇಕಿಲ್ಲ. ಹಾಡು ಕೈಗೆ ಚಿಲುಮೆ ಕೊಡುವುದಿಲ್ಲ. ಆದರೆ ‘ಎಲ್ಲರೂ ಮಾಡುತ್ತಾರೆ, ಇದರಲ್ಲಿ ತಪ್ಪೇನಿಲ್ಲ’ ಎಂಬ ಭಾವನೆಯನ್ನು ಅದು ಮೆಲ್ಲನೆ ಬಿತ್ತುತ್ತದೆ.

ಅಮಲಿನ ಮಾತು ಬಂದ ಹಾಡೆಲ್ಲ ಕೆಟ್ಟದ್ದೂ ಅಲ್ಲ. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಇಂದಿಗೂ ಕೇಳಿಬರುವ ಶಿಶುನಾಳ ಶರೀಫ ಸಾಹೇಬರ ತತ್ವಪದಗಳಲ್ಲಿ ಗುಡುಗುಡಿಯ ಪದವೂ ಒಂದು. ಅಲ್ಲಿ ಗುಡುಗುಡಿ ಬರೀ ನೆಪ, ಹೇಳುವುದು ದೇಹ ಮತ್ತು ಭಕ್ತಿಯ ಸಂಗತಿ. ಹಿರಿಯರು ಕೂತು ಅರ್ಥ ಬಿಡಿಸಿ ಹೇಳುವುದರಿಂದ ಕೇಳುವ ಹುಡುಗ ದಾರಿ ತಪ್ಪುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ‘ದಮ್ ಮಾರೋ ದಮ್’. 1971ರಲ್ಲಿ ದೇವಾನಂದ್ ಅವರು ಹಿಪ್ಪಿಗಳ ಮಾದಕ ಜೀವನದ ದುರಂತ ತೋರಿಸಲು ‘ಹರೇ ರಾಮ ಹರೇ ಕೃಷ್ಣ’ ಚಿತ್ರ ತೆಗೆದರು. ಚಿತ್ರದ ಎಚ್ಚರಿಕೆಯನ್ನು ಜನ ಮರೆತರು, ಹಾಡು ಮಾತ್ರ ಉಳಿಯಿತು. ಅರ್ಥ ಹೇಳುವವರಿಲ್ಲದಿದ್ದರೆ ಉಳಿಯುವುದು ತಾಳವೊಂದೇ.

ಈಗ ನಮ್ಮತ್ತ ನೋಡಿಕೊಳ್ಳೋಣ. ರೋಸ್ ದಿನ ತೆಂಗಿನ ಹಾಲು ಹಚ್ಚಿ, ಹಿರಿಯರ ಆಶೀರ್ವಾದ ಪಡೆದು, ವೋವಿಯೊ ಹಾಡಿದ ಮೇಲೆ ಏನು ನಡೆಯುತ್ತದೆ? ಪೆಗ್ಗಿನ ಹಾಡಿಗೆ ಅಪ್ಪ, ಚಿಕ್ಕಪ್ಪ, ಮಾವಂದಿರು ಗ್ಲಾಸು ಹಿಡಿದು ಕುಣಿಯುತ್ತಾರೆ. ಐದನೇ ತರಗತಿಯ ಮಗು ಅವರ ನಡುವೆ ಕುಣಿಯುತ್ತದೆ, ನಾವು ಚಪ್ಪಾಳೆ ತಟ್ಟಿ ವಿಡಿಯೋ ಮಾಡುತ್ತೇವೆ. ಕುಡಿಯದವನನ್ನು ‘ಒಂದು ಗುಟುಕು ತೆಗೆದುಕೋ ಮಾರಾಯ’ ಎಂದು ಒತ್ತಾಯಿಸುತ್ತೇವೆ. ಹಾಡುಗಳಲ್ಲಿ ಕಾಣದ ಆ ‘ಬೇಡ’ವನ್ನು ನಮ್ಮ ಮಕ್ಕಳು ನಮ್ಮ ಅಂಗಳದಲ್ಲೂ ಕಾಣದಿದ್ದರೆ, ನಾಳೆ ಹಾಸ್ಟೆಲಿನಲ್ಲಿ ಗೆಳೆಯ ಗಾಂಜಾ ಚಾಚಿದಾಗ ಅದನ್ನು ಎಲ್ಲಿಂದ ತರಬೇಕು?

2014ರ ಜೂನ್‌ನಲ್ಲಿ ರೋಮಿನಲ್ಲಿ ಮಾದಕ ವಸ್ತು ನಿಯಂತ್ರಣ ಅಧಿಕಾರಿಗಳೊಂದಿಗೆ ಮಾತನಾಡಿದ ದಿವಂಗತ ಪೋಪ್ ಫ್ರಾನ್ಸಿಸರು ಎಲ್ಲ ಬಗೆಯ ಮಾದಕ ವಸ್ತುಗಳಿಗೂ ‘ಬೇಡ’ ಎಂದರು. ಹಾಗೆ ಹೇಳಬೇಕಾದರೆ ಬದುಕು, ಪ್ರೀತಿ, ಶಿಕ್ಷಣ, ಕ್ರೀಡೆ, ಉದ್ಯೋಗಗಳಿಗೆ ‘ಹೌದು’ ಎನ್ನಬೇಕೆಂದೂ ನೆನಪಿಸಿದರು. ನಮ್ಮ ಧರ್ಮಕೇಂದ್ರಗಳಿಗೆ ಇದರಲ್ಲಿ ಸಾಕಷ್ಟು ಕೆಲಸವಿದೆ. ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ, ವೈಸಿಎಸ್ ಮತ್ತು ಐಸಿವೈಎಂ ಸಭೆಗಳಲ್ಲಿ ಮಕ್ಕಳು ಮೆಚ್ಚಿದ ಹಾಡನ್ನೇ ಹಾಕಿ, ಅದು ಏನು ಹೇಳುತ್ತದೆ, ಏನನ್ನು ಬಚ್ಚಿಡುತ್ತದೆ ಎಂದು ಅವರಿಂದಲೇ ಹೇಳಿಸಬಹುದು. ವಾಳೆಯ ಗುರಿಕಾರರು ಮದುವೆ ಮನೆಯವರೊಂದಿಗೆ ಮೊದಲೇ ಕೂತು ಡಿಜೆಯ ಹಾಡುಗಳ ಬಗ್ಗೆ ಮಾತನಾಡಬಹುದು. ದೂರದೂರಿಂದ ಬಂದು ಹಾಸ್ಟೆಲಿನಲ್ಲಿ ಒಂಟಿಯಾಗಿರುವ ಮಕ್ಕಳನ್ನು ಭಾನುವಾರ ನಮ್ಮ ಮನೆಯ ಊಟಕ್ಕೆ ಕರೆಯಬಹುದು.

ಈಗಾಗಲೇ ಚಟಕ್ಕೆ ಬಿದ್ದಿರುವ ಮಕ್ಕಳನ್ನು ಬೈದು ದೂರವಿಡುವುದು ಬೇಡ. ಸರಕಾರದ 14446 ಮತ್ತು 1933 ಉಚಿತ ಸಹಾಯವಾಣಿಗಳಿವೆ, ಮನೋವೈದ್ಯರಿದ್ದಾರೆ. ನಾಚಿಕೆಪಟ್ಟು ತಡಮಾಡಿದಷ್ಟೂ ನಷ್ಟ ಹೆಚ್ಚು.

ಮುಂದಿನ ರೋಸ್ ಕಾರ್ಯಕ್ರಮದಲ್ಲಿ ಯಾರಾದರೂ ಗ್ಲಾಸು ಚಾಚಿದಾಗ ನಮ್ಮಲ್ಲಿ ಒಬ್ಬರಾದರೂ ನಗುತ್ತಲೇ ‘ನನಗೆ ಬೇಡ’ ಎನ್ನೋಣ. ಪಕ್ಕದಲ್ಲಿ ನಿಂತ ಮಗು ಅದನ್ನು ಕೇಳಿಸಿಕೊಳ್ಳಲಿ.