ಬೇಸಿಗೆಯಲ್ಲಿ ಕೀ ಕೊಡುವ ವಾಚು ಸ್ಲೋ ಆಗುವುದು ‘ಲೋಹ ಹಿಗ್ಗುವುದರಿಂದ’ಲೇ?

‘ಬಿಸಿಲಿಗೆ ಲೋಹ ಹಿಗ್ಗುತ್ತೆ, ಅದಕ್ಕೇ ವಾಚು ಸ್ಲೋ ಆಗುತ್ತೆ.’ ಅಪ್ಪನ ಹಳೆಯ ಎಚ್‌ಎಂಟಿ ವಾಚನ್ನು ಕಪಾಟಿನಿಂದ ತೆಗೆದು ಮತ್ತೆ ಕಟ್ಟತೊಡಗಿದ ಯಾರನ್ನಾದರೂ ಕೇಳಿ, ಈ ಮಾತು ಸಿಗುತ್ತದೆ. ಲೋಲಕದ ಗಡಿಯಾರ ಬೇಸಿಗೆಯಲ್ಲಿ ಹಿಂದೆ ಬೀಳುತ್ತದೆ ಎಂದು ಶಾಲೆಯಲ್ಲಿ ಓದಿದ ನೆನಪು ಇರುವುದರಿಂದ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೈಗಡಿಯಾರದ ಮಟ್ಟಿಗೆ ಅದು ದೊಡ್ಡ ಕಾರಣವನ್ನು ಬಿಟ್ಟು ಚಿಲ್ಲರೆ ಕಾರಣವನ್ನು ಹಿಡಿದುಕೊಂಡಿದೆ. ಆ ದೊಡ್ಡ ಕಾರಣವನ್ನು ಗೆಲ್ಲಲು ಮನುಷ್ಯರಿಗೆ ಇನ್ನೂರು ವರ್ಷ ಬೇಕಾಯಿತು. ನಡುವೆ ಒಬ್ಬರಿಗೆ ನೊಬೆಲ್ ಪ್ರಶಸ್ತಿಯೂ ಬಂತು.

ಮೊದಲು ವಾಚಿನ ಒಳಗೆ ಏನಿದೆ ನೋಡೋಣ. ಕೀ ಕೊಡುವ ವಾಚಿನಲ್ಲಿ ಸಮಯವನ್ನು ಅಳೆಯುವುದು ಎರಡೇ ಭಾಗಗಳು. ಒಂದು, ಹಿಂದೆ ಮುಂದೆ ತಿರುಗುವ ಪುಟ್ಟ ಚಕ್ರ. ಇದಕ್ಕೆ ಬ್ಯಾಲೆನ್ಸ್ ಚಕ್ರ ಎನ್ನುತ್ತಾರೆ. ಇನ್ನೊಂದು, ಆ ಚಕ್ರವನ್ನು ಪ್ರತಿ ಸಲವೂ ವಾಪಸ್ಸು ಎಳೆಯುವ, ಕೂದಲಿನಷ್ಟು ತೆಳುವಾದ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್. 1675ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಈ ಜೋಡಿಯನ್ನು ವಾಚಿಗೆ ತಂದರು. ಇಂಗ್ಲೆಂಡಿನ ರಾಬರ್ಟ್ ಹುಕ್ ‘ಅದು ನನ್ನ ಐಡಿಯಾ’ ಎಂದು ಜಗಳಕ್ಕೆ ನಿಂತರು. ಆ ಜಗಳ ನಮಗೆ ಇಲ್ಲಿ ಬೇಡ.

ಬೆಂಗಳೂರಿನ ಎಚ್‌ಎಂಟಿ ವಾಚು ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. ಅಲ್ಲಿಂದ ಬಂದ ‘ಜನತಾ’ ವಾಚಿನ ಚಕ್ರ ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತದೆ. ಅಂದರೆ ದಿನಕ್ಕೆ 4,32,000 ಸಲ. ದಿನಕ್ಕೆ ಒಂದೇ ಒಂದು ಸೆಕೆಂಡು ತಪ್ಪಬೇಕಾದರೂ ಪ್ರತಿ ಟಿಕ್‌ನಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸ ಆದರೆ ಸಾಕು. ಇಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಶೆಖೆ ಕೈಯಾಡಿಸದೆ ಬಿಡುತ್ತದೆಯೇ?

ಹಿಗ್ಗುವುದಕ್ಕಿಂತ ದೊಡ್ಡ ಕಳ್ಳ

ಸೆಖೆಯಲ್ಲಿ ಚಕ್ರ ಹಿಗ್ಗುತ್ತದೆ, ನಿಜ. ಹಿಗ್ಗಿದ ಚಕ್ರ ನಿಧಾನವಾಗಿ ತಿರುಗುತ್ತದೆ. ಆಫೀಸಿನ ತಿರುಗುವ ಕುರ್ಚಿಯಲ್ಲಿ ಕುಳಿತು ಸುತ್ತುವಾಗ ಕೈ ಚಾಚಿದರೆ ವೇಗ ಇಳಿಯುತ್ತದಲ್ಲ, ಅದೇ ಲೆಕ್ಕ. ಆದರೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು ಇನ್ನೊಂದು ಸಂಗತಿ. ಬಿಸಿಯಾದಂತೆ ಉಕ್ಕಿನ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಕೈಗೆ ತಿಳಿಯುವಷ್ಟೂ ಅಲ್ಲ. ಆದರೂ ಚಕ್ರವನ್ನು ವಾಪಸ್ಸು ಎಳೆಯುವ ಬಲ ಒಂದಿಷ್ಟು ಕಡಿಮೆಯಾಗುತ್ತದೆ, ಪ್ರತಿ ಟಿಕ್ ಒಂದಿಷ್ಟು ತಡವಾಗುತ್ತದೆ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದ ಗಡಿಯಾರ ತಯಾರಕ ಫರ್ಡಿನಾಂಡ್ ಬೆರ್ತೂ. ಅವರು 1773ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಸಾದಾ ಚಕ್ರ ಮತ್ತು ಉಕ್ಕಿನ ಸ್ಪ್ರಿಂಗ್ ಇರುವ ಗಡಿಯಾರ, ಉಷ್ಣಾಂಶ ಸುಮಾರು 33 ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ 393 ಸೆಕೆಂಡು ಹಿಂದೆ ಬೀಳುತ್ತದೆ. ಅದರಲ್ಲಿ ಚಕ್ರ ಹಿಗ್ಗಿದ್ದರಿಂದ 62 ಸೆಕೆಂಡು, ಸ್ಪ್ರಿಂಗ್ ಉದ್ದವಾದದ್ದರಿಂದ 19 ಸೆಕೆಂಡು. ಉಳಿದ 312 ಸೆಕೆಂಡು ಸ್ಪ್ರಿಂಗ್‌ನ ಬಿಗಿ ಸಡಿಲವಾದದ್ದರಿಂದ. ಐದರಲ್ಲಿ ನಾಲ್ಕು ಪಾಲು ಇಲ್ಲೇ ಹೋಯಿತು. (ಸ್ಪ್ರಿಂಗ್ ಹಿಗ್ಗುವಾಗ ಉದ್ದದ ಜೊತೆ ದಪ್ಪವೂ ಆಗುತ್ತದೆ, ದಪ್ಪವಾದರೆ ಬಿಗಿ ಹೆಚ್ಚಬೇಕು. ಹಾಗಾಗಿ ಆ 19 ಸೆಕೆಂಡಿನ ಬಾಬತ್ತನ್ನು ಇವತ್ತಿನ ಭೌತಶಾಸ್ತ್ರ ಒಪ್ಪುವುದಿಲ್ಲ. ಇದರಿಂದ ‘ಹಿಗ್ಗುವಿಕೆ’ ವಾದ ಇನ್ನಷ್ಟು ಬಡವಾಗುತ್ತದೆ ಅಷ್ಟೇ.)

ಲೋಲಕದ ಗಡಿಯಾರದಲ್ಲಿ ಸ್ಪ್ರಿಂಗ್‌ನ ಕೆಲಸವನ್ನು ಭೂಮಿಯ ಗುರುತ್ವ ಮಾಡುತ್ತದೆ. ಗುರುತ್ವಕ್ಕೆ ಸೆಖೆಯಾಗುವುದಿಲ್ಲ. ಅಲ್ಲಿ ಕೋಲು ಉದ್ದವಾಗುವುದೊಂದೇ ಸಮಸ್ಯೆ. ಉಕ್ಕಿನ ಕೋಲಾದರೆ ಒಂದು ಡಿಗ್ರಿಗೆ ದಿನಕ್ಕೆ ಅರ್ಧ ಸೆಕೆಂಡು. ಉಕ್ಕಿನ ಹೇರ್‌ಸ್ಪ್ರಿಂಗ್ ಇರುವ ವಾಚಿನಲ್ಲಿ ಒಂದು ಡಿಗ್ರಿಗೆ ಹತ್ತು ಸೆಕೆಂಡಿಗೂ ಹೆಚ್ಚು. ಶಾಲೆಯ ಪಾಠ ಗೋಡೆ ಗಡಿಯಾರಕ್ಕೆ ಸರಿ. ಅದನ್ನು ಹಾಗೆಯೇ ತಂದು ಕೈಗೆ ಕಟ್ಟಿಕೊಂಡಾಗ ತಪ್ಪಾಯಿತು.

ಹಡಗು ಎಲ್ಲಿದೆ ಎಂಬ ಪ್ರಶ್ನೆ

ಇಷ್ಟು ಸೆಕೆಂಡುಗಳ ತಲೆನೋವು ಯಾರಿಗೆ ಬೇಕಿತ್ತು ಎಂದು ಕೇಳಬಹುದು. ಸಮುದ್ರದಲ್ಲಿದ್ದವರಿಗೆ ಬೇಕಿತ್ತು. 18ನೇ ಶತಮಾನದಲ್ಲಿ ಹಡಗಿನವರು ಸೂರ್ಯನನ್ನು, ನಕ್ಷತ್ರವನ್ನು ನೋಡಿ ತಾವು ಎಷ್ಟು ಉತ್ತರದಲ್ಲಿದ್ದೇವೆ, ಎಷ್ಟು ದಕ್ಷಿಣದಲ್ಲಿದ್ದೇವೆ ಎಂದು ಹೇಳಬಲ್ಲವರಾಗಿದ್ದರು. ಪೂರ್ವ ಪಶ್ಚಿಮ, ಅಂದರೆ ರೇಖಾಂಶ, ತಿಳಿಯಬೇಕಾದರೆ ಹೊರಟ ಊರಿನಲ್ಲಿ ಈಗ ಗಂಟೆ ಎಷ್ಟು ಎಂಬುದು ಗೊತ್ತಿರಬೇಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಸಮಭಾಜಕ ವೃತ್ತದ ಬಳಿ ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಹಡಗಿನ ಲೆಕ್ಕ ಒಂದು ನಾಟಿಕಲ್ ಮೈಲಿ, ಅಂದರೆ ಸುಮಾರು 1.85 ಕಿಲೋಮೀಟರ್ ತಪ್ಪುತ್ತದೆ. ದಿನಕ್ಕೆ ಹತ್ತು ಸೆಕೆಂಡು ತಪ್ಪುವ ಗಡಿಯಾರ ಇಟ್ಟುಕೊಂಡು ಆರು ವಾರ ಸಾಗಿದರೆ 190 ಕಿಲೋಮೀಟರಿಗೂ ಹೆಚ್ಚು ಎಡವಟ್ಟು. ರಾತ್ರಿ ಹೊತ್ತಿನಲ್ಲಿ, ಬಂಡೆಗಳ ದಡದ ಹತ್ತಿರ, ಅಷ್ಟು ದೂರದ ತಪ್ಪೆಂದರೆ ಸಾವು.

1707ರಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ‘ರೇಖಾಂಶ ಗೊತ್ತಿಲ್ಲದ್ದೇ ಕಾರಣ’ ಎಂಬುದು ಜನಪ್ರಿಯ ಕಥೆ. ಅಕ್ಷಾಂಶದ ಲೆಕ್ಕ, ನಕ್ಷೆ, ದಿಕ್ಸೂಚಿ ಎಲ್ಲದರಲ್ಲೂ ತಪ್ಪಿತ್ತು ಎನ್ನುವ ಇತಿಹಾಸಕಾರರೂ ಇದ್ದಾರೆ. ಕಾರಣ ಏನೇ ಇರಲಿ, ಸಮುದ್ರದಲ್ಲಿ ದಾರಿ ಕಾಣುವ ಪ್ರಶ್ನೆ ಸರ್ಕಾರದ ಬಾಗಿಲಿಗೆ ಬಂತು. 1714ರಲ್ಲಿ ಬ್ರಿಟಿಷ್ ಸಂಸತ್ತು ರೇಖಾಂಶವನ್ನು ಅರ್ಧ ಡಿಗ್ರಿಯ ಒಳಗೆ ಹೇಳುವ ವಿಧಾನಕ್ಕೆ 20,000 ಪೌಂಡ್ ಬಹುಮಾನ ಘೋಷಿಸಿತು. ವೆಸ್ಟ್ ಇಂಡೀಸ್‌ವರೆಗಿನ ಇಡೀ ಪ್ರಯಾಣದಲ್ಲಿ ತಪ್ಪು ಎರಡು ನಿಮಿಷ ದಾಟುವಂತಿಲ್ಲ. ಇಂಗ್ಲೆಂಡಿನ ಚಳಿಯಿಂದ ಹೊರಟು ಉಷ್ಣವಲಯದ ಧಗೆಗೆ ಹೋಗುವ ಹಡಗದು, ನೆನಪಿರಲಿ.

ಇದಕ್ಕೆ ಇಳಿದವರು ಜಾನ್ ಹ್ಯಾರಿಸನ್. ಬಡಗಿಯಾಗಿ ಬೆಳೆದವರು. ಮೂರನೆಯ ಯಂತ್ರವೊಂದರ ಮೇಲೇ 19 ವರ್ಷ ಕೂತರು. ಆ ಯಂತ್ರದಲ್ಲಿ ಅವರು ಹಿತ್ತಾಳೆ ಮತ್ತು ಉಕ್ಕಿನ ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರು. ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ. ಹಾಗಾಗಿ ಬಿಸಿಯಾದರೆ ಪಟ್ಟಿ ಒಂದು ಕಡೆಗೆ ಬಾಗುತ್ತದೆ. ಆ ಬಾಗುವಿಕೆಯನ್ನೇ ಬಳಸಿ, ಸೆಖೆ ಏರಿದಂತೆ ಸ್ಪ್ರಿಂಗ್‌ನ ಕೆಲಸ ಮಾಡುವ ಭಾಗ ಗಿಡ್ಡವಾಗುವ ಹಾಗೆ ಮಾಡಿದರು. ಗಿಡ್ಡ ಸ್ಪ್ರಿಂಗ್ ಬಿಗಿಯಾದ ಸ್ಪ್ರಿಂಗ್. ಕಳೆದುಹೋದ ಬಿಗಿ ವಾಪಸ್ಸು ಬಂತು. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ ‘ಟಕ್’ ಎಂದು ತಾನೇ ಆಫ್ ಆಗುತ್ತದಲ್ಲ, ಬಹಳಷ್ಟು ಪೆಟ್ಟಿಗೆಗಳಲ್ಲಿ ಆ ಕೆಲಸ ಮಾಡುವುದು ಇದೇ ಜೋಡಿ ಪಟ್ಟಿ.

ಅವರ ನಾಲ್ಕನೆಯದು, ಅಂಗೈಯಗಲದ ದೊಡ್ಡ ವಾಚು. ಅದು 1761ರಲ್ಲಿ ಅವರ ಮಗ ವಿಲಿಯಂ ಜೊತೆ ಜಮೈಕಾಕ್ಕೆ ಹೊರಟಿತು. 81 ದಿನಗಳಲ್ಲಿ ತಪ್ಪಿದ್ದು 5.1 ಸೆಕೆಂಡು. ಹಾಗಂತ ಬಹುಮಾನ ಕೈಗೆ ಬಂತೇ? ಇಲ್ಲ. ಅದೃಷ್ಟದಿಂದ ಆಗಿರಬಹುದು, ಮತ್ತೆ ಪರೀಕ್ಷೆ ಮಾಡಿ, ಯಂತ್ರದ ಗುಟ್ಟು ಬಿಚ್ಚಿಡಿ ಎಂದು ಮಂಡಳಿ ಎಳೆಯಿತು. ಕೊನೆಯ ದೊಡ್ಡ ಮೊತ್ತವನ್ನು 1773ರಲ್ಲಿ ಸಂಸತ್ತೇ ಮಂಜೂರು ಮಾಡಿದಾಗ ಹ್ಯಾರಿಸನ್‌ಗೆ 80 ವಯಸ್ಸು. ನಮಗೆ ಗೊತ್ತಿರುವ ಕಚೇರಿಗಳೇ ಪರವಾಗಿಲ್ಲ ಅನ್ನಿಸುತ್ತದೆ.

ಅವರ ನಂತರದವರು ಇನ್ನೂ ಜಾಣ ದಾರಿ ಹಿಡಿದರು. ಸ್ಪ್ರಿಂಗ್ ಅನ್ನು ಅದರ ಪಾಡಿಗೆ ಬಿಟ್ಟು ಚಕ್ರವನ್ನೇ ತಿದ್ದಿದರು. ಫ್ರಾನ್ಸಿನ ಪಿಯರ್ ಲೆ ರಾಯ್ ದಾರಿ ತೋರಿಸಿದರು. ಇಂಗ್ಲೆಂಡಿನ ಜಾನ್ ಅರ್ನಾಲ್ಡ್ ಮತ್ತು ಥಾಮಸ್ ಅರ್ನ್‌ಶಾ ಅದನ್ನು ಕೈಗೆಟುಕುವ ವಸ್ತುವಾಗಿಸಿದರು. ಚಕ್ರದ ಅಂಚು ಹೊರಗೆ ಹಿತ್ತಾಳೆ, ಒಳಗೆ ಉಕ್ಕು. ಅಂಚನ್ನು ಎರಡು ಕಡೆ ಕತ್ತರಿಸಿ ತುದಿಗಳನ್ನು ಬಿಡುವಾಗಿ ಬಿಟ್ಟಿರುತ್ತಾರೆ. ಸೆಖೆಗೆ ತುದಿಗಳು ಒಳಕ್ಕೆ ಬಾಗುತ್ತವೆ. ಕುರ್ಚಿಯಲ್ಲಿ ಸುತ್ತುವವನು ಕೈ ಮಡಚಿಕೊಂಡ ಹಾಗೆ. ಸ್ಪ್ರಿಂಗ್ ಸೋಮಾರಿಯಾಯಿತು, ಚಕ್ರ ಚುರುಕಾಯಿತು, ಲೆಕ್ಕ ಸರಿಹೋಯಿತು.

ಸರಿಹೋಯಿತು, ಆದರೆ ಎರಡೇ ಉಷ್ಣಾಂಶಗಳಲ್ಲಿ. ಸ್ಪ್ರಿಂಗ್ ಸಡಿಲವಾಗುವ ರೀತಿ ಒಂದು, ಚಕ್ರ ಬಾಗಿ ಅದನ್ನು ತುಂಬಿಕೊಡುವ ರೀತಿ ಇನ್ನೊಂದು. ಚಳಿಯಲ್ಲೂ ಧಗೆಯಲ್ಲೂ ಸರಿಯಾಗಿ ನಡೆಯುವಂತೆ ಹೊಂದಿಸಿದರೆ ನಡುವಿನ ಹಿತವಾದ ಹವೆಯಲ್ಲಿ ಗಡಿಯಾರ ದಿನಕ್ಕೆ ಸುಮಾರು ಎರಡು ಸೆಕೆಂಡು ಮುಂದೆ ಓಡುತ್ತಿತ್ತು. ಈ ಎರಡು ಸೆಕೆಂಡನ್ನು ಓಡಿಸಲು 19ನೇ ಶತಮಾನದುದ್ದಕ್ಕೂ ಗಡಿಯಾರ ತಯಾರಕರು ಚಕ್ರಕ್ಕೆ ಮತ್ತಷ್ಟು ಪಟ್ಟಿ, ಮತ್ತಷ್ಟು ತೂಕ ಸೇರಿಸುತ್ತಲೇ ಹೋದರು. ಉತ್ತರ ಬಂದದ್ದು ಗಡಿಯಾರದ ಅಂಗಡಿಯಿಂದಲ್ಲ.

ಹಿಗ್ಗದ ಉಕ್ಕು, ಸಡಿಲವಾಗದ ಸ್ಪ್ರಿಂಗ್

ಷಾರ್ಲ್ ಎದುವಾರ್ ಗಿಯೋಮ್ ಸ್ವಿಟ್ಜರ್ಲೆಂಡಿನ ಫ್ಲೂರಿಯೇ ಊರಿನವರು, ಗಡಿಯಾರ ತಯಾರಕರ ಮನೆತನ. ಕೆಲಸ ಮಾತ್ರ ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿ. ಒಂದು ಮೀಟರ್ ಎಂದರೆ ಇಷ್ಟು ಎಂದು ತೋರಿಸುವ ಕೋಲುಗಳನ್ನು ಅಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡುತ್ತಿದ್ದರು. ವಿಪರೀತ ದುಬಾರಿ. ಅಗ್ಗದ ಲೋಹ ಹುಡುಕುತ್ತಾ 1896ರಲ್ಲಿ ಅವರು ವಿಚಿತ್ರವಾದದ್ದನ್ನು ಕಂಡರು. ಕಬ್ಬಿಣಕ್ಕೆ ಶೇ. 36ರಷ್ಟು ನಿಕ್ಕಲ್ ಬೆರೆಸಿದರೆ ಅದು ಬಿಸಿಗೆ ಬಹುತೇಕ ಹಿಗ್ಗುವುದೇ ಇಲ್ಲ. ಸಾದಾ ಉಕ್ಕಿನ ಹತ್ತನೇ ಒಂದು ಪಾಲಿನಷ್ಟು, ಅಷ್ಟೇ. ಇದಕ್ಕೆ ಇನ್ವಾರ್ ಎಂದು ಹೆಸರಾಯಿತು. ಈ ಲೋಹದ ಕಾಂತೀಯತೆ ಬಿಸಿಯಾದಂತೆ ಕುಗ್ಗುತ್ತದೆ. ಅದರ ಜೊತೆ ಗಾತ್ರವನ್ನೂ ಒಂದಿಷ್ಟು ಕುಗ್ಗಿಸುತ್ತದೆ. ಹಿಗ್ಗುವುದೂ ಕುಗ್ಗುವುದೂ ಒಂದಕ್ಕೊಂದು ವಜಾ ಆಗುತ್ತವೆ.

ವಾಚಿಗೆ ಇದಕ್ಕಿಂತ ಮುಖ್ಯವಾದದ್ದು ಅವರ ಮುಂದಿನ ಹೆಜ್ಜೆ. ಕ್ರೋಮಿಯಂ ಸೇರಿಸಿ ಅವರು ಇನ್ನೊಂದು ಮಿಶ್ರಲೋಹ ಮಾಡಿದರು. ಬಿಸಿಯಲ್ಲೂ ಬಿಗಿ ಬದಲಾಗದ ಇದರ ಹೆಸರು ಎಲಿನ್ವಾರ್. ಸ್ಪ್ರಿಂಗ್ ಸಡಿಲವಾಗುವುದೇ ಇಲ್ಲ ಎಂದ ಮೇಲೆ ಅದನ್ನು ತಿದ್ದುವ ಕತ್ತರಿಸಿದ ಚಕ್ರವೇಕೆ? ಗುಂಡನೆಯ ಸಾದಾ ಚಕ್ರ ಸಾಕು. 1920ರ ಭೌತಶಾಸ್ತ್ರದ ನೊಬೆಲ್ ಗಿಯೋಮ್‌ಗೆ ಬಂತು. ಮರುವರ್ಷದ್ದು ಐನ್‌ಸ್ಟೈನ್‌ಗೆ. ಎಲ್ಲರಿಗೂ ನೆನಪಿರುವುದು ಆ ಎರಡನೆಯ ಹೆಸರು. ಆದರೆ ಹೆಚ್ಚಿನ ಮನೆಗಳ ಕೈಗಡಿಯಾರದೊಳಗೆ ಹೊಕ್ಕಿದ್ದು ಮೊದಲನೆಯವರ ಕೆಲಸ.

ಎಲಿನ್ವಾರ್ ಮೆತ್ತಗಿತ್ತು. 1930ರ ದಶಕದಲ್ಲಿ ರೈನ್‌ಹಾರ್ಡ್ ಸ್ಟ್ರೌಮನ್ ಅದೇ ದಾರಿಯಲ್ಲಿ ಬೆರಿಲಿಯಂ ಮುಂತಾದವನ್ನು ಬೆರೆಸಿ ಗಟ್ಟಿಯಾದ ನಿವಾರಾಕ್ಸ್ ತಂದರು. ಬದಲಾಗದ, ತುಕ್ಕು ಹಿಡಿಯದ ಎಂಬ ಅರ್ಥದ ಜರ್ಮನ್ ಪದಗಳ ಮೊದಲಕ್ಷರ ಜೋಡಿಸಿದ ಹೆಸರದು.

ಈ ಶತಮಾನದಲ್ಲಿ ಬಂದದ್ದು ಸಿಲಿಕಾನ್ ಸ್ಪ್ರಿಂಗ್. ನಿಮ್ಮ ಫೋನಿನ ಚಿಪ್ ಯಾವುದರಿಂದ ಆಗಿದೆಯೋ ಅದೇ ವಸ್ತು, ಬಹುತೇಕ ಅದೇ ರೀತಿಯ ಕಾರ್ಖಾನೆ. ಸಿಲಿಕಾನ್ ಕೂಡ ಬಿಸಿಗೆ ಸಡಿಲವಾಗುತ್ತದೆ. ಆದರೆ ಅದರ ಮೇಲೆ ಕುಲುಮೆಯಲ್ಲಿ ಬೆಳೆಸುವ ಸಿಲಿಕಾನ್ ಡೈಆಕ್ಸೈಡ್ ಪದರ, ಅಂದರೆ ಗಾಜಿನಂಥದ್ದು, ಬಿಸಿಯಾದಷ್ಟೂ ಬಿಗಿಯಾಗುತ್ತದೆ. ಕೆಲವೇ ಮೈಕ್ರೋಮೀಟರ್ ದಪ್ಪದ ಆ ಪದರವನ್ನು ಸರಿಯಾಗಿ ಹೊಂದಿಸಿದರೆ ಒಂದರ ಸಡಿಲವನ್ನು ಇನ್ನೊಂದರ ಬಿಗಿ ತುಂಬುತ್ತದೆ. ಹ್ಯಾರಿಸನ್‌ರ ಜೋಡಿ ಪಟ್ಟಿಯ ಯೋಚನೆಯೇ, ಕೂದಲಿಗಿಂತ ತೆಳುವಾದ ಜಾಗದಲ್ಲಿ. ಈ ಸ್ಪ್ರಿಂಗ್‌ಗೆ ಆಯಸ್ಕಾಂತದ ಕಾಟವೂ ಇಲ್ಲ. ಬಾಗಿದರೆ ಮಾತ್ರ ರಿಪೇರಿ ಮಾಡುವಂತಿಲ್ಲ, ಮುರಿದೇ ಹೋಗುತ್ತದೆ.

ಹಾಗಾದರೆ ನಿಮ್ಮ ವಾಚು ಯಾಕೆ ತಪ್ಪುತ್ತಿದೆ?

ಸ್ವಿಟ್ಜರ್ಲೆಂಡಿನಲ್ಲಿ ‘ಕ್ರೊನೋಮೀಟರ್’ ಎಂಬ ಸರ್ಟಿಫಿಕೇಟ್ ಬೇಕಾದರೆ ವಾಚಿನ ಯಂತ್ರವನ್ನು 15 ದಿನ, 8, 23 ಮತ್ತು 38 ಡಿಗ್ರಿಗಳಲ್ಲಿ ಪರೀಕ್ಷಿಸುತ್ತಾರೆ. ಒಂದು ಡಿಗ್ರಿ ಬದಲಾದರೆ ದಿನದ ವ್ಯತ್ಯಾಸ 0.6 ಸೆಕೆಂಡು ಮೀರಬಾರದು. ನಿಮ್ಮ ವಾಚು ಅಷ್ಟು ಒಳ್ಳೆಯದಲ್ಲ, ಅದರ ಎರಡು ಪಟ್ಟು ತಪ್ಪುತ್ತದೆ ಎಂದೇ ಇಟ್ಟುಕೊಳ್ಳಿ. ಹವೆ 15 ಡಿಗ್ರಿ ಏರಿದರೂ ದಿನಕ್ಕೆ 18 ಸೆಕೆಂಡು. ಅದೂ ಕೈಗೆ ಕಟ್ಟಿದ ವಾಚು ಚರ್ಮದ ಬಿಸಿಗೆ ಅಂಟಿಕೊಂಡೇ ಇರುವುದರಿಂದ ಹೊರಗಿನ ಏರಿಳಿತ ಅದಕ್ಕೆ ಅಷ್ಟು ತಟ್ಟುವುದಿಲ್ಲ.

ಆದ್ದರಿಂದ ದಿನಕ್ಕೆ ಐದು, ಹತ್ತು ನಿಮಿಷ ತಪ್ಪುವ ವಾಚಿನ ವಿಷಯದಲ್ಲಿ ಬಿಸಿಲನ್ನು ದೂರುವುದು ಬೇಡ. ಹಿಂದೆ ಬೀಳುತ್ತಿದ್ದರೆ ಒಳಗಿನ ಎಣ್ಣೆ ಒಣಗಿ ಜಿಡ್ಡಾಗಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ವಾಚಿಗೆ ಇದು ಸಹಜ, ಸರ್ವಿಸ್ ಮಾಡಿಸಬೇಕು. ಇದ್ದಕ್ಕಿದ್ದಂತೆ ಮುಂದೆ ಓಡತೊಡಗಿದ್ದರೆ ಹೇರ್‌ಸ್ಪ್ರಿಂಗ್‌ಗೆ ಆಯಸ್ಕಾಂತ ಹಿಡಿದಿರಬಹುದು. ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತೆ ವರ್ತಿಸುತ್ತದೆ. ಸ್ಪೀಕರ್, ಆಯಸ್ಕಾಂತದ ಗುಂಡಿಯಿರುವ ಬ್ಯಾಗು ಅಥವಾ ಫೋನ್ ಕವರು, ಇವುಗಳ ಪಕ್ಕ ವಾಚು ಇಡುವ ಅಭ್ಯಾಸವಿದ್ದರೆ ಮೊದಲು ಅಲ್ಲಿ ಅನುಮಾನಪಡಿ. ಸಾದಾ ದಿಕ್ಸೂಚಿಯನ್ನು ನಡೆಯುತ್ತಿರುವ ವಾಚಿನ ಮೇಲೆ ಹಿಡಿದು ನೋಡಿ. ಮುಳ್ಳು ನಡುಗಿದರೆ ಅನುಮಾನ ನಿಜ. ವಾಚು ರಿಪೇರಿ ಅಂಗಡಿಯಲ್ಲಿ ಆಯಸ್ಕಾಂತ ತೆಗೆಯುವ ಪುಟ್ಟ ಯಂತ್ರವಿರುತ್ತದೆ. ಕೆಲಸ ಅರೆ ನಿಮಿಷದ್ದು.

ಸೆಖೆಯಿಂದ ಕಾಪಾಡಲೆಂದು ವಾಚನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರಗೆ ತೆಗೆದ ಕೂಡಲೇ ಗಾಜಿನ ಒಳಗೆ ತೇವ ಕೂರಬಹುದು. ತುಕ್ಕು ಹಿಡಿದ ಹೇರ್‌ಸ್ಪ್ರಿಂಗ್‌ಗೆ ಯಾವ ಅಂಗಡಿಯ ಯಂತ್ರವೂ ಉಪಾಯವಲ್ಲ, ಹೊಸ ಸ್ಪ್ರಿಂಗ್ ಹುಡುಕಬೇಕು. ಹಳೆಯ ಮಾಡೆಲ್‌ಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ.