ಅಳತೆ ತಪ್ಪಿಸುವವರು, ಅಳೆಯದೆ ದೂರುವವರು

ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್‌ಗಳಲ್ಲಾಗಲಿ, ಪೆಟ್ರೋಲ್ ಪಂಪಿನಿಂದ ಹೊರಬರುವ ಸವಾರನ ಬಾಯಲ್ಲಿ ಒಂದು ಗೊಣಗಾಟ ತಪ್ಪದು: 'ಲೆಕ್ಕಕ್ಕಿಂತ ಹೆಚ್ಚು ತೆಗೆದುಕೊಂಡರು.' ಹೆಚ್ಚಾದದ್ದು ಒಂದೋ ಎರಡೋ ರೂಪಾಯಿ. ಅಷ್ಟಕ್ಕೆ ಜಗಳವೇಕೆಂದು ಆತ ಸುಮ್ಮನೆ ಹೊರಡುತ್ತಾನೆ. ಸಂಜೆ ಓಣಿಯಲ್ಲಿ ಕುಳಿತು ಪಂಪಿನವರೆಲ್ಲ ಕಳ್ಳರೆಂದು ತೀರ್ಪು ನೀಡುತ್ತಾನೆ. ಆ ಮೌನವೂ ತಪ್ಪು, ಈ ತೀರ್ಪೂ ತಪ್ಪು.

ಮೊದಲು ಲೆಕ್ಕವನ್ನೇ ನೋಡೋಣ. ನಮ್ಮ ಮನಸ್ಸಿನಲ್ಲಿರುವ ದರ ಬಹುಮಟ್ಟಿಗೆ ಟಿವಿಯಲ್ಲಿ ಕಂಡ ಬೆಂಗಳೂರಿನ ದರ. ಆದರೆ ಡಿಪೋದಿಂದ ಪಂಪಿಗೆ ಟ್ಯಾಂಕರ್ ತರುವ ವೆಚ್ಚ ಊರೂರಿಗೆ ಬೇರೆ. ಬೀದರ್ ನಗರದ ದರವೇ ಔರಾದಿನಲ್ಲಿಯೂ ಇರಬೇಕೆಂದಿಲ್ಲ. 2017ರ ಜೂನ್ 16ರಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ದರ ಪರಿಷ್ಕರಿಸುವ ಪದ್ಧತಿ ಬಂದಿದೆ. ನಿನ್ನೆಯ ದರ ಇಂದಿಗೆ ಸಾಕ್ಷಿಯಲ್ಲ. ಇನ್ನು ಸಾದಾ ಪೆಟ್ರೋಲ್ ಕೇಳಿದವನಿಗೆ ಹೇಳದೆ ಕೇಳದೆ ದುಬಾರಿ ಪ್ರೀಮಿಯಂ ತುಂಬಿಸುವುದೂ, ಚಿಲ್ಲರೆ ಇಲ್ಲವೆಂದು ಉಳಿದ ಹಣ ಕೊಡದಿರುವುದೂ ಉಂಟು. ಇವು ದರದ ವ್ಯತ್ಯಾಸಗಳಲ್ಲ, ನಡತೆಯ ದೋಷಗಳು.

ಆದರೆ ದೊಡ್ಡ ಕೈ ಇರುವುದು ಪಂಪಿನಲ್ಲಲ್ಲ. 2020ರ ಮೇ ತಿಂಗಳಲ್ಲಿ, ಕಚ್ಚಾತೈಲದ ಬೆಲೆ ನೆಲಕಚ್ಚಿದ್ದಾಗ, ಕೇಂದ್ರ ಸರಕಾರ ಪೆಟ್ರೋಲಿನ ಸುಂಕವನ್ನು ಲೀಟರಿಗೆ 10 ರೂ., ಡೀಸೆಲಿನದನ್ನು 13 ರೂ. ಏರಿಸಿತು. 2024ರ ಜೂನ್ 15ರಂದು ರಾಜ್ಯ ಸರಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಒಯ್ದಾಗ ಲೀಟರಿಗೆ ಸುಮಾರು 3 ರೂ. ಹೆಚ್ಚಾಯಿತು. ದಿನವೂ ಮಾರುಕಟ್ಟೆಯೇ ನಿರ್ಧರಿಸುತ್ತದೆನ್ನಲಾದ ದರ 2018ರ ಏಪ್ರಿಲ್ 24ರಿಂದ ಹತ್ತೊಂಬತ್ತು ದಿನ ಅಲುಗಲೇ ಇಲ್ಲ. ಮೇ 12ರಂದು ಕರ್ನಾಟಕದಲ್ಲಿ ಮತದಾನ ಮುಗಿಯಿತು. ಮೇ 14ಕ್ಕೆ ಏರಿಕೆ ಆರಂಭವಾಯಿತು! ಒಂದು ರೂಪಾಯಿಗಾಗಿ ಪಂಪಿನ ಹುಡುಗನನ್ನು ಗದರುವ ನಾವು ಈ ಬಗ್ಗೆ ಯಾವ ಜನಪ್ರತಿನಿಧಿಯನ್ನು ಪ್ರಶ್ನಿಸಿದ್ದೇವೆ?

ಹಾಗೆಂದು ಪಂಪುಗಳೆಲ್ಲ ಪರಿಶುದ್ಧವೆಂದು ಹೇಳುವಂತಿಲ್ಲ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ವಿಶೇಷ ಪೊಲೀಸ್ ಪಡೆ ಲಖನೌದ ಪಂಪುಗಳ ಮೇಲೆ ದಾಳಿ ಮಾಡಿದಾಗ, ಯಂತ್ರದೊಳಗೆ ಅಡಗಿಸಿದ್ದ, ರಿಮೋಟಿನಿಂದ ನಡೆಯುವ ಚಿಪ್‌ಗಳು ಸಿಕ್ಕವು. ಮೀಟರ್ ಪೂರ್ತಿ ತೋರಿಸುತ್ತಿತ್ತು, ಟ್ಯಾಂಕಿಗೆ ಬೀಳುತ್ತಿದ್ದುದು ಕಡಿಮೆ. ಲೀಟರಿಗೆ 50 ಮಿಲಿಲೀಟರ್ ಕಡಿತವೆಂದಿಟ್ಟುಕೊಳ್ಳಿ. ದಿನಕ್ಕೆ ಐದು ಲೀಟರ್ ತುಂಬಿಸುವ ಆಟೋ ಚಾಲಕ ನೂರು ರೂಪಾಯಿ ದರದಲ್ಲಿ ದಿನಕ್ಕೆ 25 ರೂ., ತಿಂಗಳಿಗೆ 750 ರೂ. ಕಳೆದುಕೊಳ್ಳುತ್ತಾನೆ. ಅದು ಅವನ ಮಕ್ಕಳ ಅನ್ನದ, ಓದಿನ ಹಣ. ನೂರರ ಬದಲು 110 ರೂಪಾಯಿಗೆ ತುಂಬಿಸಿದರೆ ಮೋಸವಾಗದೆಂದು ನಂಬಿದವರಿದ್ದಾರೆ. ಯಂತ್ರವೇ ಕೆಟ್ಟಿದ್ದರೆ 110ಕ್ಕೂ ಅದೇ ಗತಿ!

ಉಪಾಯ ಬೇರೆಯೇ ಇದೆ. ಮೀಟರ್ ಸೊನ್ನೆಯಲ್ಲಿದೆಯೇ ಎಂದು ನೋಡಿರಿ. ಫಲಕದ ದರವನ್ನೂ ಮೀಟರಿನ ದರವನ್ನೂ ಹೋಲಿಸಿರಿ. ರಸೀದಿ ಕೇಳಿರಿ. ಸಂಶಯವಿದ್ದರೆ ಐದು ಲೀಟರಿನ ಮುದ್ರೆಯೊತ್ತಿದ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಹೇಳಿರಿ. ಆ ಪಾತ್ರೆ ಪ್ರತಿ ಪಂಪಿನಲ್ಲಿಯೂ ಇರಲೇಬೇಕು. ಅಳೆಸಿ ನೋಡುವುದು ಗ್ರಾಹಕನ ಹಕ್ಕು. ಐದು ಲೀಟರಿಗೆ 25 ಮಿಲಿಲೀಟರ್‌ಗಿಂತ ಹೆಚ್ಚು ಕಡಿಮೆಯಾದರೆ ಅದು ನಿಯಮಭಂಗ. ಆಗ ಪಂಪಿನ ದೂರು ಪುಸ್ತಕವಿದೆ, ಕಾನೂನು ಮಾಪನಶಾಸ್ತ್ರ ಇಲಾಖೆಯಿದೆ, 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯಿದೆ. ನಮ್ಮಲ್ಲಿ ಎಷ್ಟು ಮಂದಿ ಆ ಪಾತ್ರೆಯನ್ನು ಕೇಳಿದ್ದೇವೆ?

ಐದು ಶತಮಾನಗಳ ಹಿಂದೆ ಇದೇ ಬೀದರಿನಲ್ಲಿ ವಜೀರನಾಗಿದ್ದ ಮಹಮೂದ್ ಗವಾನ್ ಹೊಲಗಳನ್ನು ಅಳೆಸಿ, ಆ ಬಳಿಕ ಕಂದಾಯ ನಿಗದಿಪಡಿಸಲು ಹೊರಟವನು. ಆತನ ಮದರಸವನ್ನು ನೋಡಿ ಹೆಮ್ಮೆಪಡುವ ನಾವು ಅಳೆಯುವ ಗುಣವನ್ನು ಮರೆತಿದ್ದೇವೆ. ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ಅಳತೆಯಲ್ಲಿ ವಂಚಿಸುವವರದು. ಪಡೆಯುವಾಗ ಪೂರ್ತಿ ಬೇಡುವ, ಕೊಡುವಾಗ ಕಡಿತ ಮಾಡುವ ಇಬ್ಬಂದಿತನವನ್ನು ಅದು ಖಂಡಿಸುತ್ತದೆ. ಆ ಎಚ್ಚರಿಕೆ ಪಂಪಿನ ಮಾಲಕನಿಗೆ ಮಾತ್ರವೇ? ನಮ್ಮದೇ ಕಿರಾಣಿ ಅಂಗಡಿಯ, ಹಣ್ಣಿನ ಗಾಡಿಯ, ಮಾಂಸದ ಅಂಗಡಿಯ ತಕ್ಕಡಿಗೆ ಅದು ಅನ್ವಯಿಸದೇ?

ಕಡಿತ ಚಿಕ್ಕದಾದರೂ ಕಳ್ಳತನವೇ. ಅಳೆಯದೆ ಹೊರಿಸಿದ ಆರೋಪವೂ ಅನ್ಯಾಯವೇ. ಮುಂದಿನ ಸಲ ಪಂಪಿನ ಮುಂದೆ ನಿಂತಾಗ ಗೊಣಗುವ ಬದಲು ಆ ಪಾತ್ರೆಯನ್ನು ಕೇಳೋಣ. ಮನೆಗೆ ಮರಳಿ ನಮ್ಮ ತಕ್ಕಡಿಯನ್ನೂ ಒಮ್ಮೆ ಪರೀಕ್ಷಿಸೋಣ.