ಮಳೆಗಾಲಕ್ಕೆ ಆರ್‌ಎಕ್ಸೋ, ಆರ್‌ಡೀನೋ?

ಯಲಹಂಕ ನ್ಯೂ ಟೌನಿನಿಂದ ಒಬ್ಬ ತಮ್ಮ ಕಾಗದ ಬರೆದಿದ್ದಾನೆ. ಒಂದಲ್ಲ, ನಾಲ್ಕು ಪುಟ! ಹುಡುಗಿಗೆ ಬರೆಯೋ ಪ್ರೇಮಪತ್ರದಲ್ಲೂ ಇಷ್ಟು ಕಳಕಳಿ ಇರಲಾರದು. ವಿಷಯ ಇಷ್ಟೆ. ಕೆಲಸ ಯಶವಂತಪುರದಲ್ಲಿ, ಮನೆ ಯಲಹಂಕದಲ್ಲಿ. ಎರಡು ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದಾನೆ. ಈಗ ಕಣ್ಣ ಮುಂದೆ ಎರಡು ಹಳೇ ಗಾಡಿ ಕುಣಿಯುತ್ತಿವೆ. ಆರ್.ಟಿ. ನಗರದ ಮೆಕ್ಯಾನಿಕ್ ಒಬ್ಬನ ಹತ್ತಿರ ಯಮಹಾ ಆರ್‌ಎಕ್ಸ್ 100. ಹೆಬ್ಬಾಳದಲ್ಲಿ ಯಾರದೋ ಶೆಡ್ಡಿನಲ್ಲಿ ರಾಜ್‌ದೂತ್ 350, ಅಂದರೆ ನಮ್ಮ ಹುಡುಗರ ಬಾಯಲ್ಲಿ ‘ಆರ್‌ಡಿ’. ‘ಅಣ್ಣಾ, ಬೇಸಿಗೇಲಿ ಯಾವುದಾದರೂ ನಡೆಯುತ್ತೆ. ಮಳೆಗಾಲದಲ್ಲಿ ಯಾವುದು ನನ್ನನ್ನ ಮನೆ ಮುಟ್ಟಿಸುತ್ತೆ?’ ಎಂದು ಕೇಳಿದ್ದಾನೆ.

ಭಲೇ ತಮ್ಮಾ! ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ‘ಯಾವ ಹೀರೋ ಯಾವ ಬೈಕು ಓಡಿಸಿದ’, ‘ಟಾಪ್ ಸ್ಪೀಡ್ ಎಷ್ಟು’ ಅಂತಲೇ ಇರುತ್ತವೆ. ಮನೆ ಮುಟ್ಟೋದರ ಬಗ್ಗೆ ಕೇಳಿದವನು ನೀನೊಬ್ಬ. ಅದಕ್ಕೇ ಈ ವಾರ ಪೂರ್ತಿ ನಿನಗೇ ಮೀಸಲು.

ಮೊದಲು ಇಬ್ಬರು ನಾಯಕರ ಪರಿಚಯ ಆಗಲಿ. ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದದ್ದು 1985ರ ಕೊನೆಯಲ್ಲಿ, ನಿಂತದ್ದು 1996ರಲ್ಲಿ. ಎಂಜಿನ್ 98 ಸಿಸಿ, ಶಕ್ತಿ 11 ಕುದುರೆ, ತೂಕ ನೂರು ಕೆಜಿ ಆಸುಪಾಸು. ಸಣಕಲು ಹುಡುಗ, ಆದರೆ ಜಗಳಕ್ಕೆ ನಿಂತರೆ ಮೊದಲ ಏಟು ಅವನದೇ! ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದ ಕೂಡಲೆ ದೊಡ್ಡ ದೊಡ್ಡ ಗಾಡಿಗಳು ಇವನ ನೀಲಿ ಹೊಗೆ ಕುಡಿದಿವೆ. ಸತ್ತ ಮೇಲೂ ಇವನ ಖದರು ಇಳಿಯಲಿಲ್ಲ. 2018ರಲ್ಲಿ ಇವನ ಹೆಸರಿನಲ್ಲೇ ತೆಲುಗಿನಲ್ಲಿ ಸಿನಿಮಾ ಬಂತಲ್ಲ!

ರಾಜ್‌ದೂತ್ 350 ಇನ್ನೊಂದು ಜಾತಿ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿಯವರು ಯಮಹಾದ ಆರ್‌ಡಿ 350ಯನ್ನು ನಮ್ಮ ದೇಶಕ್ಕೆ ತಂದರು. ಜೋಡಿ ಸಿಲಿಂಡರು, 347 ಸಿಸಿ, ಆರು ಗೇರು, ಮೊದಲು ಬಂದದ್ದರಲ್ಲಿ ಸುಮಾರು 30 ಕುದುರೆ ಶಕ್ತಿ. ಆಗಿನ ಬುಲೆಟ್ಟಿನ 350 ಸಿಸಿ ಎಂಜಿನ್ ಕೊಡುತ್ತಿದ್ದದ್ದು 18 ಕುದುರೆ ಎಂದರೆ ಲೆಕ್ಕ ಹಾಕಿಕೊಳ್ಳಿ. ಆದರೆ ಒಂದು ಕಡೆ ಕೈ ಬಿಗಿ ಹಿಡಿದರು. ಜಪಾನಿನ ಆರ್‌ಡಿಗೆ ಮುಂದೆ ಡಿಸ್ಕ್ ಬ್ರೇಕು ಇತ್ತು, ನಮ್ಮದಕ್ಕೆ ಖರ್ಚು ಉಳಿಸಲು ಡ್ರಮ್ ಹಾಕಿದರು. ಓಡೋದಕ್ಕೆ ಜಪಾನು, ನಿಲ್ಲೋದಕ್ಕೆ ದೇವರು! ‘ಆರ್‌ಡಿ ಅಂದರೆ ರ‍್ಯಾಪಿಡ್ ಡೆತ್’ ಎಂದು ಹುಡುಗರೇ ಅಡ್ಡ ಹೆಸರಿಟ್ಟರು. 80ರ ದಶಕ ಮುಗಿಯುವ ಹೊತ್ತಿಗೆ ಅದರ ಕಥೆಯೂ ಮುಗಿದಿತ್ತು. ಈಗ ಚೆನ್ನಾಗಿರೋ ಒಂದನ್ನು ಕೇಳಿದರೆ ಲಕ್ಷಗಳಲ್ಲಿ ಮಾತಾಡುತ್ತಾರೆ.

ಸಣ್ಣವನು, ಚುರುಕಿನವನು ಒಂದು ಕಡೆ. ಉಕ್ಕಿನ ತೋಳಿನ ಪೈಲ್ವಾನ್ ಇನ್ನೊಂದು ಕಡೆ. ಈ ಕುಸ್ತಿ ನಮ್ಮೂರಿನದೊಂದೇ ಅಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಕಾರಿನ ಹುಡುಗರು ಇದೇ ಜಗಳ ಆಡುತ್ತಾರೆ. ಸಣ್ಣ ಚುರುಕು ಕಾರು ಕೊಳ್ಳೋದೋ, ಇಲ್ಲಾ ಉದ್ದ ಮೂತಿಯ ಅಮೆರಿಕದ ದೈತ್ಯನನ್ನೋ ಅಂತ. ದೈತ್ಯನ ತಾಪತ್ರಯ ಏನಪ್ಪಾ ಅಂದರೆ, ಭಾರವೆಲ್ಲ ಮುಂದೆ, ಎಂಜಿನ್ ತಿರುಗಿಸೋದು ಹಿಂದಿನ ಚಕ್ರ. ಹಿಮದ ಮೇಲೆ ಕಾಲೊತ್ತಿದರೆ ಹಿಂಭಾಗ ಡ್ಯಾನ್ಸ್ ಮಾಡುತ್ತೆ. ಅದಕ್ಕೇ ಅಲ್ಲಿನವರು ಡಿಕ್ಕಿಯಲ್ಲಿ ಮರಳಿನ ಮೂಟೆ ಹೊತ್ತು ತಿರುಗುತ್ತಾರಂತೆ! 1964ರ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಎಂಬಾತ 1071 ಸಿಸಿಯ ಮಿನಿ ಕೂಪರ್ ಓಡಿಸಿ ಗೆದ್ದ. ಎರಡನೆಯದಾಗಿ ಬಂದದ್ದು ಎಂಟು ಸಿಲಿಂಡರಿನ ಫೋರ್ಡ್ ಫಾಲ್ಕನ್. ನ್ಯಾಯವಾಗಿ ಹೇಳಬೇಕೆಂದರೆ ಗಡಿಯಾರದಲ್ಲಿ ಫಾಲ್ಕನ್ನೇ ಮುಂದಿತ್ತು. ದೊಡ್ಡ ಎಂಜಿನ್ನಿಗೆ ಹೊರೆ ಹಾಕುವ ಲೆಕ್ಕ ಅಲ್ಲಿತ್ತು, ಅದರಿಂದ ಮಿನಿಗೆ ಅನುಕೂಲವಾಯಿತು. ಆದರೂ ಅಷ್ಟು ಸಣ್ಣದು ಅಷ್ಟು ದೊಡ್ಡದರ ಬಾಲ ಹಿಡಿದು ಬೆಟ್ಟ ಹತ್ತಿತಲ್ಲ, ಅದು ಸಾಮಾನ್ಯವೇ? ‘ದಿ ಇಟಾಲಿಯನ್ ಜಾಬ್’ (1969) ನೋಡಿದವರಿಗೆ ಮಿನಿಯ ಆಟ ಗೊತ್ತೇ ಇದೆ.

ನಮ್ಮ ಬೆಂಗಳೂರಿನಲ್ಲಿ ಹಿಮ ಎಲ್ಲಿ ಬಂತು ಅಂತೀರಾ? ಬರುತ್ತೆ ಸ್ವಾಮಿ, ಬೇರೆ ವೇಷದಲ್ಲಿ ಬರುತ್ತೆ. ಬಿಸಿಲಲ್ಲಿ ತಿಂಗಳುಗಟ್ಟಲೆ ರಸ್ತೆ ಮೇಲೆ ಲಾರಿ ಬಸ್ಸುಗಳ ಎಣ್ಣೆ ಬಿದ್ದಿರುತ್ತೆ, ಟೈರಿನ ಪುಡಿ, ಧೂಳು ಕೂತಿರುತ್ತೆ. ಮೊದಲ ಮಳೆಯ ಮೊದಲ ಹನಿಗಳು ಅದನ್ನೆಲ್ಲ ಎಬ್ಬಿಸಿ ಸೋಪಿನ ನೊರೆ ಮಾಡುತ್ತವೆ. ಜೋರು ಮಳೆ ಒಂದಷ್ಟು ಹೊತ್ತು ಹೊಡೆದು ತೊಳೆದರೆ ಪರವಾಗಿಲ್ಲ. ಆ ಮೊದಲ ಅರ್ಧ ಗಂಟೆ ಇದೆಯಲ್ಲ, ಅದೇ ನಮ್ಮ ಹಿಮ.

ಸಿನಿಮಾದವರು ಇದನ್ನು ತೋರಿಸೋದಿಲ್ಲ. ‘ಮುಂಗಾರು ಮಳೆ’ (2006) ನೋಡಿದ ಮೇಲೆ ಮಳೆಯಲ್ಲಿ ನೆನೆಯದ ಹುಡುಗ ಹುಡುಗನೇ ಅಲ್ಲ ಅನ್ನಿಸಿಬಿಟ್ಟಿತ್ತು. ಆದರೆ ಶೂಟಿಂಗಿನ ಮಳೆ ಟ್ಯಾಂಕರಿನಿಂದ ಬರುತ್ತೆ. ಹೀರೋ ಬೈಕು ಹತ್ತುವಷ್ಟರಲ್ಲಿ ಆ ರಸ್ತೆಯನ್ನು ನಾಲ್ಕು ಸಲ ತೊಳೆದಾಗಿರುತ್ತೆ, ಮುಂದೆ ಲಾರಿ ಇರೋದಿಲ್ಲ, ಜಾರಿದರೆ ಹಿಡಿಯೋಕೆ ಫೈಟರ್ ಹುಡುಗರು ನಿಂತಿರುತ್ತಾರೆ. ನಿನಗೆ ಗೋರಗುಂಟೆಪಾಳ್ಯದಲ್ಲಿ ಯಾರು ನಿಂತಿರುತ್ತಾರೆ ತಮ್ಮಾ?

ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ, ಹೈಸ್ಕೂಲು ವಿಜ್ಞಾನದ್ದೇ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುತ್ತಿದ್ದೀಯ. ಮುಂದಿನ ಬಸ್ಸು ಗಕ್ಕನೆ ನಿಂತಿತು. ನಿನ್ನ ತಲೆ ‘ಬ್ರೇಕು’ ಅನ್ನೋಕೆ ಒಂದು ಸೆಕೆಂಡು, ಅಷ್ಟರಲ್ಲಿ ಗಾಡಿ 17 ಮೀಟರ್ ಹೋಗಿರುತ್ತೆ. ಆಮೇಲೆ ಒಣ ಟಾರಿನ ಮೇಲೆ ನಿಲ್ಲೋಕೆ ಸುಮಾರು 20 ಮೀಟರ್ ಸಾಕು. ಒದ್ದೆ ಟಾರಿನ ಮೇಲೆ 35 ಬೇಕು. ಎರಡೂ ಕೂಡಿಸಿದರೆ 52 ಮೀಟರ್, ನಾಲ್ಕು ಬಿಎಂಟಿಸಿ ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಜಾಗ! ಹಿಮದ ಮೇಲಾದರೆ ಬ್ರೇಕಿನ ದೂರವೇ 70 ಮೀಟರ್. ಇದೆಲ್ಲ ಒಳ್ಳೇ ಟೈರು, ಒಳ್ಳೇ ಬ್ರೇಕು, ಗಾಬರಿಯಾಗದ ಕೈ ಇದ್ದವನಿಗೆ. ನೀನು ಹೇಳಿದ ಎರಡು ಗಾಡಿಗೂ ಡ್ರಮ್ ಬ್ರೇಕು. ಡ್ರಮ್ಮಿನೊಳಗೆ ನೀರು ಹೊಕ್ಕರೆ ಲಿವರ್ ಹಿಡಿದರೂ ಹಿಡಿದ ಹಾಗೆ ಆಗೋದಿಲ್ಲ. ನೀರು ದಾಟಿದ ಮೇಲೆ ಸ್ವಲ್ಪ ದೂರ ಮೆಲ್ಲಗೆ ಬ್ರೇಕು ಒತ್ತಿಕೊಂಡೇ ಹೋಗಿ ಒಣಗಿಸಬೇಕು.

ನೀನು ದಿನಾ ಹೋಗೋ ದಾರಿ ನನಗೆ ಅಂಗೈ ರೇಖೆಯ ಹಾಗೆ ಗೊತ್ತು. ಯಲಹಂಕದಿಂದ ಬಳ್ಳಾರಿ ರಸ್ತೆ, ಜಕ್ಕೂರು, ಬ್ಯಾಟರಾಯನಪುರ, ಹೆಬ್ಬಾಳ. ಅಲ್ಲಿಂದ ರಿಂಗ್ ರೋಡು ಹಿಡಿದು ಬಿಇಎಲ್ ಸರ್ಕಲ್, ಗೋರಗುಂಟೆಪಾಳ್ಯ, ಯಶವಂತಪುರ. ನಮ್ಮೂರಿಗೆ ಹೆಚ್ಚು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಪ್ಪು ಸಮಾಧಿಗೆ ಹೂ ಇಡಲು ಅಕ್ಟೋಬರ್ 29ಕ್ಕೆ ಕಂಠೀರವ ಸ್ಟುಡಿಯೋಗೆ ಸಾಲು ಸಾಲು ಬೈಕಿನಲ್ಲಿ ಹೋಗುತ್ತೀರಲ್ಲ, ಅದೂ ಇದೇ ಕಾಲ, ಇದೇ ದಾರಿ. ಯಲಹಂಕದ ಕೇಂದ್ರೀಯ ವಿಹಾರಕ್ಕೆ ಕೆರೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತಂದದ್ದು 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ. ಅಂಥ ನೀರಿಗೆ ಆರ್‌ಎಕ್ಸೂ ಇಲ್ಲ, ಆರ್‌ಡೀನೂ ಇಲ್ಲ. ಗಾಡಿ ಮನೆಯಲ್ಲಿಟ್ಟು ಬಸ್ಸು ಹತ್ತು. ನಾನು ಹೇಳ್ತಿರೋದು ಮಾಮೂಲಿ ಮಳೆಯ ಮಾತು.

ಮಾಮೂಲಿ ಮಳೆಯ ದಿನ ಈ ದಾರಿಯಲ್ಲಿ ನಾಲ್ಕು ಜಾಗ ನೆನಪಿಟ್ಟುಕೋ. ಫ್ಲೈಓವರಿನ ಕಬ್ಬಿಣದ ಜೋಡಣೆ ಪಟ್ಟಿಗಳು. ರಸ್ತೆಗೆ ಬಳಿದ ಬಿಳಿ ಪಟ್ಟೆ. ಮ್ಯಾನ್‌ಹೋಲಿನ ಮುಚ್ಚಳ. ಯಶವಂತಪುರದ ಮಾರ್ಕೆಟ್ ಯಾರ್ಡಿನ ಮುಂದೆ ಲಾರಿ ಚಕ್ರದಿಂದ ಉದುರಿದ ಮಣ್ಣು, ಕೊಳೆತ ಸೊಪ್ಪು. ಈ ನಾಲ್ಕರ ಮೇಲೆ ಗಾಡಿ ವಾಲಿಸಬಾರದು, ಬ್ರೇಕು ಹಿಡಿಯಬಾರದು, ಆಕ್ಸಿಲೇಟರ್ ತಿರುವಬಾರದು. ನೆಟ್ಟಗೆ ದಾಟಿಬಿಡಬೇಕು.

ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಹೆಬ್ಬಾಳದ ಫ್ಲೈಓವರೇ ಕಲಿಸಿತು.

2004ರ ಏಪ್ರಿಲ್. ನಾನೂ ಆಗ ಒಬ್ಬ ಪೈಲ್ವಾನ್ ಸಾಕಿದ್ದೆ, ಹಳೇ ಆರ್‌ಡಿ. ಯಶವಂತಪುರದ ಗೋವರ್ಧನ್‌ನಲ್ಲಿ ಫಸ್ಟ್ ಷೋ ನೋಡಿಕೊಂಡು ಬರ್ತಾ ಇದ್ದೆವು, ಹಿಂದೆ ಗೆಳೆಯ. ದಾರಿಯಲ್ಲಿ ನಾಲ್ಕು ಹನಿ ಬಿತ್ತು. ‘ನಿಂತ್ಕೊಳ್ಳೋಣ ಕಣೋ’ ಅಂದ. ‘ನಾಲ್ಕು ಹನಿಗೆಲ್ಲ ಯಾರು ನಿಲ್ತಾರೋ’ ಅಂದೆ. ಫ್ಲೈಓವರಿನ ತಿರುವಿನಲ್ಲಿ ಎರಡನೇ ಗೇರು. ಈ ಎಂಜಿನ್ನಿನ ಸ್ವಭಾವ ಗೊತ್ತಿದ್ದವರಿಗೆ ಗೊತ್ತು. ಕೆಳಗೆ ಮೂಕಬಸವನ ಹಾಗೆ ಇರುತ್ತೆ, ಒಂದು ಹಂತ ದಾಟಿದ ಕೂಡಲೆ ಅಷ್ಟೂ ಶಕ್ತಿ ಒಟ್ಟಿಗೆ ಎದ್ದು ಒದೆಯುತ್ತೆ. ಅದು ಒದ್ದ ಗಳಿಗೆಯಲ್ಲೇ ಹಿಂದಿನ ಟೈರು ಕಬ್ಬಿಣದ ಪಟ್ಟಿಯ ಮೇಲಿತ್ತು. ಗಾಡಿ ಬಿದ್ದದ್ದು ನೆನಪಿಲ್ಲ, ಸದ್ದು ನೆನಪಿದೆ. ನನಗೆ ಮೊಣಕೈ ತರಚಿತು, ಅಷ್ಟೆ. ಅವನಿಗೆ ಕಾಲರ್ ಬೋನ್ ಮುರಿಯಿತು. ನನ್ನ ತಲೆ ಮೇಲೆ ಹೆಲ್ಮೆಟ್ ಇತ್ತು, ಅವನ ತಲೆ ಮೇಲೆ ಇರಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರು ದೂರ ಇಟ್ಟುಕೊಂಡು ಬರುತ್ತಿದ್ದ, ನಿಲ್ಲಿಸಿದ. ಆ ಪುಣ್ಯಾತ್ಮನ ಮುಖ ಸಹ ನಾನು ಸರಿಯಾಗಿ ನೋಡಲಿಲ್ಲ. ಆಸ್ಪತ್ರೆಯಲ್ಲಿ ಗೆಳೆಯನ ತಾಯಿ ಬಂದು ‘ನಿಧಾನವಾಗಿ ಬರಬಾರದಾಗಿತ್ತಾ ಮಗಾ’ ಅಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಎಲ್ಲರಿಗೂ ನನ್ನ ಗೆಳೆಯನ ಅದೃಷ್ಟ ಇರೋದಿಲ್ಲ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ಗೆದ್ದ ಸಂಚಾರಿ ವಿಜಯ್ ನೆನಪಿದ್ದಾರಲ್ಲ. 2021ರ ಜೂನ್ 12ರ ರಾತ್ರಿ, ಮಳೆಗಾಲದ ಒದ್ದೆ ರಸ್ತೆ, ಜೆ.ಪಿ. ನಗರದಲ್ಲಿ ಗೆಳೆಯರ ಬೈಕು ಜಾರಿ ವಿದ್ಯುತ್ ಕಂಬಕ್ಕೆ ಬಡಿಯಿತು. ವಿಜಯ್ ಹಿಂದೆ ಕೂತಿದ್ದರು. ತಲೆಗೆ ಪೆಟ್ಟು. ಅವರು ಮತ್ತೆ ಏಳಲಿಲ್ಲ. ಮನೆಯವರು ಅಂಗಾಂಗ ದಾನ ಮಾಡಿದರು. ಇನ್ನೂ ಎಷ್ಟು ಪಾತ್ರ ಬಾಕಿ ಇತ್ತು ಆ ಮನುಷ್ಯನಲ್ಲಿ! ಆ ಸುದ್ದಿ ಓದಿದ ದಿನ ನನಗೆ ನನ್ನ ಫ್ಲೈಓವರೇ ಕಣ್ಣ ಮುಂದೆ ಬಂತು. ಗಾಡಿ ಆರಿಸೋನು ಒಬ್ಬ, ಹಿಂದೆ ಕೂರೋನು ಇನ್ನೊಬ್ಬ. ನಿನ್ನ ಕಾಗದದ ಮೂರನೇ ಪುಟದಲ್ಲಿ ‘ತಂಗೀನ ಕಾಲೇಜಿಗೆ ಬಿಟ್ಟು ಹೋಗ್ತೀನಿ’ ಅಂತ ಒಂದು ಸಾಲು ಇದೆ. ಉಳಿದ ಮೂರೂಮುಕ್ಕಾಲು ಪುಟಕ್ಕಿಂತ ನನಗೆ ಆ ಸಾಲೇ ಮುಖ್ಯ.

ಅದಕ್ಕೇ ನನ್ನ ತೀರ್ಪು, ಆರ್‌ಡಿ ಬೇಡ. ಆರ್‌ಎಕ್ಸ್ ತಗೋ. ಅದೇನು ಮಳೆಗೆ ಹುಟ್ಟಿದ ಗಾಡಿ ಅಂತಲ್ಲ, ಟೈರು ತೆಳು, ಬ್ರೇಕೂ ಅಷ್ಟಕ್ಕಷ್ಟೆ. ಆದರೆ 11 ಕುದುರೆಗೆ ತಿರುವಿನಲ್ಲಿ ನಿನ್ನನ್ನು ಒದ್ದು ಕೆಡವುವ ತಾಕತ್ತು ಕಡಿಮೆ. ನೂರು ಕೆಜಿ ಗಾಡಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಒಬ್ಬನೇ ಎತ್ತಬಹುದು, ನೀರಿನಲ್ಲಿ ಕೆಟ್ಟರೆ ತಳ್ಳಿಕೊಂಡು ಮನೆ ಸೇರಬಹುದು. ಬಿಡಿ ಭಾಗ ಹುಡುಕಿದರೆ ಸಿಗುತ್ತೆ, ಕೈ ಹಾಕಿ ಗೊತ್ತಿರೋ ಮೆಕ್ಯಾನಿಕ್ಕುಗಳು ಗಲ್ಲಿಗೊಬ್ಬರಿದ್ದಾರೆ. ಆರ್‌ಡಿಗೆ ಒಳ್ಳೇ ಕೈ ಹುಡುಕುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತೆ! ಎರಡು ಗಾಡಿಯ ರೇಟಿನ ವ್ಯತ್ಯಾಸದಲ್ಲಿ ಹೊಸ ಟೈರು, ಹೊಸ ಬ್ರೇಕ್ ಶೂ, ಕೇಬಲ್ಲು, ಎರಡು ಹೆಲ್ಮೆಟ್ ಎಲ್ಲ ಬಂದು ಮೇಲೆ ದುಡ್ಡು ಉಳಿಯುತ್ತೆ. ಎರಡು ಅಂದೆ, ಲೆಕ್ಕ ತಪ್ಪಿ ಹೇಳಲಿಲ್ಲ. ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದಲೇ ಇದೆ.

ಇನ್ನೊಂದು ಮಾತು ಮುಚ್ಚಿಡಬಾರದು. ಮಳೆ ಒಂದೇ ಲೆಕ್ಕವಾದರೆ ಈ ಎರಡೂ ಗಾಡಿಯನ್ನು ಬಿಟ್ಟು ಎಬಿಎಸ್ ಇರೋ ಈಗಿನ ಬೈಕು ತಗೊಳ್ಳೋದೇ ಜಾಣತನ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯ. ಗಾಬರಿಯಲ್ಲಿ ಬ್ರೇಕು ಅಮುಕಿದರೂ ಚಕ್ರ ಕಚ್ಚಿಕೊಳ್ಳದ ಹಾಗೆ ಅದು ನೋಡಿಕೊಳ್ಳುತ್ತೆ. ಆದರೆ ನಾಲ್ಕು ಪುಟ ಬರೆದವನು ಅಂಥ ಮಾತು ಕೇಳೋದಿಲ್ಲ ಅಂತ ನನಗೂ ಗೊತ್ತು. ನಾನೂ ಕೇಳಿರಲಿಲ್ಲ.

ಆರ್.ಟಿ. ನಗರಕ್ಕೆ ಹೋದಾಗ ಟ್ಯಾಂಕಿನ ಹೊಳಪು ನೋಡಬೇಡ. ಬಗ್ಗಿ ಟೈರಿನ ಪಕ್ಕ ನೋಡು. ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ಮಾಡಿದ್ದು. ಗೀರು ಎಷ್ಟೇ ಆಳ ಇರಲಿ, ಹಳೇ ರಬ್ಬರು ಕಲ್ಲಾಗಿರುತ್ತೆ, ಒದ್ದೆ ರಸ್ತೆ ಹಿಡಿಯೋದಿಲ್ಲ. ಗಾಡಿ ಕೊಂಡ ದಿನವೇ ಬದಲಾಯಿಸು. ಆರ್‌ಸಿ ಪುಸ್ತಕ ಕೇಳು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಅದು ಆಗಿಲ್ಲ ಅಂದರೆ ರೇಟು ಇಳಿಸು. ಎಂಜಿನ್ ನಂಬರು, ಚಾಸಿಸ್ ನಂಬರು ಪುಸ್ತಕಕ್ಕೆ ತಾಳೆ ಆಗದಿದ್ದರೆ ಟೀ ಕುಡಿದು ವಾಪಸ್ ಬಾ.

ನನ್ನ ಆರ್‌ಡಿ ಏನಾಯಿತು ಅಂತ ಕೇಳ್ತೀಯಾ? ಆ ವರ್ಷವೇ ಮಾರಿದೆ, ಗೆಳೆಯನ ಆಸ್ಪತ್ರೆ ಬಿಲ್ಲಿಗೆ ಸರಿಹೋಯಿತು. ಅವನು ಈಗಲೂ ಯಶವಂತಪುರದಲ್ಲೇ ಇದ್ದಾನೆ. ಮೋಡ ಕಟ್ಟಿದ ದಿನ ಆ ಮೂಳೆ ಸಣ್ಣಗೆ ನೋಯುತ್ತಂತೆ. ಫೋನು ಮಾಡಿ ‘ಸಾಯಂಕಾಲ ಮಳೆ ಬರುತ್ತೆ ಕಣೋ, ಬೇಗ ಮನೆ ಸೇರು’ ಅಂತಾನೆ. ಹವಾಮಾನ ಇಲಾಖೆಗಿಂತ ಮೊದಲು!

ಮುಂದಿನ ವಾರ ಮೈಸೂರಿನ ಯೆಜ್ಡಿ ಬಗ್ಗೆ ಬಂದಿರೋ ಕಾಗದಗಳನ್ನು ಬಿಚ್ಚೋಣ.